ನಿಂತ ಸಮಯದ ಲೆಕ್ಕ ಬರೆದವರಾರು?

ಕರ್ನಾಟಕದ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ ಫಿಸಿಕಲ್‌ನಲ್ಲಿ ಉದ್ದ ಜಿಗಿತಕ್ಕೆ ಮೂರು ಅವಕಾಶ, ಗುಂಡು ಎಸೆತಕ್ಕೆ ಮೂರು ಅವಕಾಶ. ಓಟಕ್ಕೆ ಒಂದೇ. ಗಂಡು ಹುಡುಗರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು. 6:31 ಆಯಿತೋ, ಲಿಖಿತ ಪರೀಕ್ಷೆಯಲ್ಲಿ ಎಷ್ಟೇ ಅಂಕ ಬಂದಿರಲಿ, ಆ ವರ್ಷದ ಕಥೆ ಅಲ್ಲಿಗೆ ಮುಗಿಯಿತು. ಲಿಖಿತ ಪರೀಕ್ಷೆ ಮೊದಲು, ಮೈದಾನ ಆಮೇಲೆ ಎಂಬ ಪದ್ಧತಿಯಿಂದಾಗಿ ಓಟದಲ್ಲಿ ಸೋಲುವವನು ಬರಿಯ ಓಟವನ್ನು ಸೋಲುವುದಿಲ್ಲ, ತಿಂಗಳುಗಟ್ಟಲೆ ಓದಿದ್ದನ್ನೂ ಕಳೆದುಕೊಳ್ಳುತ್ತಾನೆ.

ಈ ಒಂದು ಅವಕಾಶಕ್ಕಾಗಿ ಚಾಮರಾಜನಗರದ ಜಿಲ್ಲಾ ಕ್ರೀಡಾಂಗಣದಲ್ಲಿ, ಗುಂಡ್ಲುಪೇಟೆಯ ಕಾಲೇಜು ಮೈದಾನದಲ್ಲಿ, ತೆರಕಣಾಂಬಿ, ಬೇಗೂರು ಕಡೆಯ ಊರುಗಳ ರಸ್ತೆ ಬದಿಯಲ್ಲಿ ನಸುಕಿಗೇ ಹುಡುಗರು ಸೇರುತ್ತಾರೆ. ಒಬ್ಬನ ಕೈಯಲ್ಲಿ ಮೊಬೈಲಿನ ಸ್ಟಾಪ್‌ವಾಚ್. ಒಂದು ರೌಂಡು ಓಡು, ನಿಲ್ಲು, ಸೊಂಟದ ಮೇಲೆ ಕೈಯಿಟ್ಟು ಉಸಿರು ತೆಗೆದುಕೋ, ನೀರು ಕುಡಿ, ಮತ್ತೆ ಒಂದು ರೌಂಡು. ನಾಲ್ಕು ರೌಂಡು ಆದ ಮೇಲೆ ಲೆಕ್ಕ. ರೌಂಡಿಗೆ 90 ಸೆಕೆಂಡು, ನಾಲ್ಕು ತೊಂಬತ್ತಲ ಮುನ್ನೂರ ಅರವತ್ತು, ಅಂದರೆ ಆರು ನಿಮಿಷ. "ನಾನೂರು ಒಂದೂವರೆ ನಿಮಿಷಕ್ಕೆ ಬತ್ತಾದ, ಇನ್ನೇನ್ ಬುಡ್ಲಾ" ಎಂಬ ಮಾತು ಅಲ್ಲಿ ತೀರ್ಪಿನಂತೆ ಬೀಳುತ್ತದೆ. ಅರ್ಧ ನಿಮಿಷ ಕೈಯಲ್ಲಿ ಉಳಿದಿದೆ ಎಂಬ ನೆಮ್ಮದಿಯಲ್ಲಿ ಹುಡುಗ ಮನೆಗೆ ಹೋಗುತ್ತಾನೆ.

ಆ ಅರ್ಧ ನಿಮಿಷ ಅವನ ಕೈಯಲ್ಲಿಲ್ಲ. ಬಹಳ ಸಲ ಅದು ಎಲ್ಲೂ ಇರುವುದಿಲ್ಲ. ತುಂಡು ತುಂಡಾಗಿ ಓಡಿದ ಸಮಯವನ್ನು ಕೂಡಿಸಿ ಇಡೀ ಓಟದ ಸಮಯ ಹೇಳಬಹುದು ಎಂಬ ನಂಬಿಕೆ ಈ ಊರುಗಳಿಗೆ ಸೀಮಿತವಲ್ಲ. ಬೆಂಗಳೂರಿನ ಮ್ಯಾರಥಾನ್ ಗುಂಪುಗಳಲ್ಲಿ, ಅಮೆರಿಕದ ಓಟದ ಪತ್ರಿಕೆಗಳಲ್ಲಿ, ದುಬಾರಿ ವಾಚುಗಳ ಗಾಜಿನ ಮೇಲೆ ಅದು ಬೇರೆ ಬೇರೆ ವೇಷದಲ್ಲಿ ಓಡಾಡುತ್ತಿದೆ. ಬೇರೆಡೆ ಅದು ತಪ್ಪಾದರೆ ಒಬ್ಬರ ಭಾನುವಾರ ಕೆಡುತ್ತದೆ. ಇಲ್ಲಿ ತಪ್ಪಾದರೆ ಒಂದು ಕೆಲಸ ಹೋಗುತ್ತದೆ. ಆದ್ದರಿಂದ ಇದನ್ನು ಇಲ್ಲಿಯೇ, ಈ ಮೈದಾನಗಳ ಲೆಕ್ಕದಲ್ಲೇ ಖಂಡಿಸಬೇಕು.

ಮೊದಲು ಆ ಹೆಸರನ್ನೇ ಗಮನಿಸಬೇಕು. ಇಂಟರ್‌ವಲ್. ಕನ್ನಡಿಗರಿಗೆ ಈ ಪದ ಟಾಕೀಸಿನಿಂದ ಬಂದದ್ದು. ಸಿನಿಮಾ ನಿಂತು ದೀಪ ಹತ್ತಿ ಕಡಲೆಕಾಯಿ ಮಾರುವವನು ಬರುವ ಹೊತ್ತು ಅದು. ಓಟದಲ್ಲೂ ಆ ಪದದ ಅರ್ಥ ಅದೇ. ಓಡುವ ತುಂಡಿಗೆ ಇಂಟರ್‌ವಲ್ ಎಂಬ ಹೆಸರಿಲ್ಲ, ನಡುವಿನ ಬಿಡುವಿಗೆ ಇದೆ. 1930ರ ದಶಕದಲ್ಲಿ ಜರ್ಮನಿಯ ತರಬೇತುದಾರ ವೋಲ್ಡೆಮಾರ್ ಗೆರ್ಷ್ಲರ್, ವೈದ್ಯ ರೈಂಡೆಲ್ ಜೊತೆ ಸೇರಿ ಈ ಪದ್ಧತಿಗೆ ಶಾಸ್ತ್ರದ ರೂಪ ಕೊಟ್ಟಾಗ ಅವರ ಕಣ್ಣಿದ್ದದ್ದು ಬಿಡುವಿನ ಮೇಲೆ. ಓಡಿದಾಗ ಎದೆಬಡಿತ ನಿಮಿಷಕ್ಕೆ 180ರ ಆಸುಪಾಸಿಗೆ ಏರಬೇಕು; ನಿಂತಾಗ ಒಂದೂವರೆ ನಿಮಿಷದೊಳಗೆ 120ಕ್ಕೆ ಇಳಿಯಬೇಕು; ಇಳಿಯದಿದ್ದರೆ ಓಟ ತೀರಾ ಜೋರಾಯಿತೆಂದು ಅರ್ಥ. ಹೃದಯ ಬಲಿಯುವುದು ಆ ಬಿಡುವಿನಲ್ಲೇ ಎಂಬುದು ಅವರ ವಾದವಾಗಿತ್ತು. ಗೆರ್ಷ್ಲರ್ ಶಿಷ್ಯ ರುಡಾಲ್ಫ್ ಹಾರ್ಬಿಗ್ 1939ರಲ್ಲಿ ಮಿಲಾನ್‌ನಲ್ಲಿ 800 ಮೀಟರನ್ನು 1:46.6ಕ್ಕೆ ಓಡಿ ಮಾಡಿದ ವಿಶ್ವದಾಖಲೆ 1955ರವರೆಗೆ ನಿಂತಿತು.

ಅಂದರೆ ಪದ್ಧತಿಯನ್ನು ಹುಟ್ಟಿಸಿದವರೇ ಬಿಡುವನ್ನು ಅಳೆದು, ಬರೆದು, ಅದನ್ನೇ ಮುಖ್ಯ ಎಂದರು. ಇಂದಿನ ಮೈದಾನದಲ್ಲಿ ಹುಡುಗರ ನೋಟ್‌ಬುಕ್ ತೆರೆದರೆ 88, 90, 91, 89 ಎಂದು ಬರೆದಿರುತ್ತದೆ. ನಡುವೆ ಎಷ್ಟು ಹೊತ್ತು ನಿಂತ? ಒಂದು ನಿಮಿಷವೋ, ನಾಲ್ಕು ನಿಮಿಷವೋ, ಗೆಳೆಯನ ಫೋನು ಬಂದು ಆರು ನಿಮಿಷವೋ? ಅದಕ್ಕೆ ಕಾಲಮ್ಮೇ ಇಲ್ಲ.

ಬಿಡುವು ಏನು ಮಾಡುತ್ತದೆ ಎಂಬುದನ್ನು ಗುಂಡ್ಲುಪೇಟೆ ಕಡೆಯ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಅರಿಶಿನ, ಬಾಳೆ, ಚೆಂಡು ಹೂವಿನ ಹೊಲದಲ್ಲಿ ಒಂದು ಬೋರ್‌ವೆಲ್ ಇದೆ, ಪಕ್ಕದಲ್ಲಿ ಒಂದು ತೊಟ್ಟಿ ಇದೆ ಎನ್ನೋಣ. ಬೋರ್ ತನ್ನ ಶಕ್ತಿಗೆ ತಕ್ಕಂತೆ ಒಂದೇ ಸಮ ನೀರು ಕೊಡುತ್ತದೆ. ಅದಕ್ಕಿಂತ ಹೆಚ್ಚು ನೀರು ಬೇಕಾದರೆ ತೊಟ್ಟಿಯಿಂದ ತೆಗೆಯಬೇಕು. ತೊಟ್ಟಿ ಬರಿದಾದ ಮೇಲೆ ಬೋರ್ ಕೊಟ್ಟಷ್ಟೇ ಗತಿ. ನೀರು ಹಾಯಿಸುವುದನ್ನು ನಿಲ್ಲಿಸಿದರೆ ತೊಟ್ಟಿ ಮತ್ತೆ ತುಂಬುತ್ತದೆ. ಮನುಷ್ಯನ ಮೈಯೂ ಹೆಚ್ಚುಕಡಿಮೆ ಹೀಗೆಯೇ ಎಂಬುದು ಓಟದ ಶರೀರಶಾಸ್ತ್ರದಲ್ಲಿ ಗಟ್ಟಿಯಾಗಿ ನೆಲೆಯೂರಿದ ಮಾತು. ಉಸಿರಿನಿಂದ ಬರುವ ಆಮ್ಲಜನಕದ ಬಲದಲ್ಲಿ ಹೆಚ್ಚು ಹೊತ್ತು ಕಾಯ್ದುಕೊಳ್ಳಬಹುದಾದ ಒಂದು ವೇಗವಿದೆ, ಅದು ಬೋರ್. ಅದಕ್ಕಿಂತ ಜೋರಾಗಿ ಓಡಲು ಸ್ನಾಯುಗಳಲ್ಲಿ ಒಂದು ಮಿತವಾದ ಸಂಗ್ರಹವಿದೆ, ಅದು ತೊಟ್ಟಿ. ಶಾಸ್ತ್ರಜ್ಞರು ಮೊದಲನೆಯದನ್ನು ಕ್ರಿಟಿಕಲ್ ಸ್ಪೀಡ್ ಎನ್ನುತ್ತಾರೆ, ಎರಡನೆಯದನ್ನು ಮೀಟರಿನಲ್ಲೇ ಅಳೆಯುತ್ತಾರೆ.

ಈಗ ಲೆಕ್ಕ. ಒಬ್ಬ ಹುಡುಗನ ಬೋರ್ ಸೆಕೆಂಡಿಗೆ 4 ಮೀಟರ್, ತೊಟ್ಟಿ 150 ಮೀಟರ್ ಎಂದುಕೊಳ್ಳಿ. 800 ಮೀಟರ್ ಓಡುವಾಗ 150 ಮೀಟರ್ ತೊಟ್ಟಿಯಿಂದ ಬರುತ್ತದೆ, ಉಳಿದ 650 ಬೋರ್‌ನಿಂದ. 650ನ್ನು 4ರಿಂದ ಭಾಗಿಸಿದರೆ 162.5 ಸೆಕೆಂಡು, ಅಂದರೆ 2 ನಿಮಿಷ 42.5 ಸೆಕೆಂಡು. ಚೆನ್ನಾಗಿ ಸುಧಾರಿಸಿಕೊಂಡು ಇನ್ನೊಂದು 800 ಓಡಿದರೆ ಅದೂ ಅಷ್ಟೇ. ಎರಡೂ ಕೂಡಿಸಿದರೆ 5:25. ಆದರೆ ಅದೇ ಹುಡುಗ ನಿಲ್ಲದೆ 1600 ಓಡಿದರೆ ತೊಟ್ಟಿ ಒಂದೇ ಸಲ ಸಿಗುತ್ತದೆ. 1450ನ್ನು 4ರಿಂದ ಭಾಗಿಸಬೇಕು: 6 ನಿಮಿಷ 2.5 ಸೆಕೆಂಡು. ನಡುವಿನ ಒಂದೇ ಒಂದು ವಿಶ್ರಾಂತಿ 37.5 ಸೆಕೆಂಡನ್ನು ನುಂಗಿ ಹಾಕಿತು. ಆ 37.5 ಆಕಸ್ಮಿಕವಲ್ಲ, 150 ಮೀಟರಿನ ಎರಡನೇ ತೊಟ್ಟಿಯ ಬೆಲೆ ಅದು. ರೌಂಡಿಗೊಮ್ಮೆ ನಿಂತು ನಾಲ್ಕು ಸಲ ಓಡುವವನು ಮೂರು ಹೆಚ್ಚುವರಿ ತೊಟ್ಟಿಗಳನ್ನು ತುಂಬಿಸಿಕೊಂಡು, ಅದನ್ನೆಲ್ಲ ತನ್ನ ಟೈಮಿಂಗ್ ಎಂದು ಬರೆದುಕೊಳ್ಳುತ್ತಾನೆ.

ಇದಕ್ಕೆ ಅನುಭವಿಗಳ ಉತ್ತರವೊಂದಿದೆ: ಹಾಗಿದ್ದರೆ ಒಂದಷ್ಟು ಸೆಕೆಂಡು ಕೂಡಿಸಿಕೊಂಡರಾಯಿತು. ನಾಲ್ಕು ರೌಂಡಿನ ಮೊತ್ತಕ್ಕೆ 20 ಸೆಕೆಂಡೋ 30 ಸೆಕೆಂಡೋ ಸೇರಿಸಿ, ಇದೇ ನಿನ್ನ 1600 ಎನ್ನುವುದು. ಅಂಧಶ್ರದ್ಧೆಗಿಂತ ಇದು ವಾಸಿ ಎನ್ನಿಸಬಹುದು. ಆದರೆ ಹೆಚ್ಚು ಮೋಸ ಇರುವುದು ಇಲ್ಲೇ.

ಮೇಲಿನ ಹುಡುಗನ ಪಕ್ಕದಲ್ಲಿ ಇನ್ನೊಬ್ಬನನ್ನು ನಿಲ್ಲಿಸೋಣ. ಅವನ ಬೋರ್ ಸ್ವಲ್ಪ ಸಣ್ಣದು, ಸೆಕೆಂಡಿಗೆ 3.5 ಮೀಟರ್. ತೊಟ್ಟಿ ದೊಡ್ಡದು, ಸುಮಾರು 231 ಮೀಟರ್. ಕಬಡ್ಡಿ ಆಡಿ ಬೆಳೆದ, ತೊಡೆ ಗಟ್ಟಿಯಾದ, ಮೊದಲ ನೂರು ಮೀಟರಿನಲ್ಲಿ ಎಲ್ಲರನ್ನೂ ಹಿಂದೆ ಹಾಕುವ ಹುಡುಗ ಎನ್ನಿ. ಅವನ 800 ಎಷ್ಟು? 800ರಲ್ಲಿ 231 ಕಳೆದು 3.5ರಿಂದ ಭಾಗಿಸಿದರೆ ಅವನದೂ 2 ನಿಮಿಷ 42.5 ಸೆಕೆಂಡೇ. ಅಭ್ಯಾಸದ ದಿನ ಇಬ್ಬರೂ ಭುಜಕ್ಕೆ ಭುಜ ಕೊಟ್ಟು ಓಡುತ್ತಾರೆ, ಇಬ್ಬರ ನೋಟ್‌ಬುಕ್ಕಿನಲ್ಲೂ ಒಂದೇ ಅಂಕಿ. ಇಂಟರ್‌ವಲ್ ನೋಡಿ ಭವಿಷ್ಯ ಹೇಳುವವರು ಇಬ್ಬರಿಗೂ ಒಂದೇ ಭವಿಷ್ಯ ಹೇಳುತ್ತಾರೆ. ಪರೀಕ್ಷೆಯ ದಿನ ಮೊದಲನೆಯವನು 6:02ಕ್ಕೆ ಬರುತ್ತಾನೆ. ಎರಡನೆಯವನ ಲೆಕ್ಕ: 1369 ಮೀಟರ್, 3.5ರಿಂದ ಭಾಗಿಸಿ, 391 ಸೆಕೆಂಡು.

6 ನಿಮಿಷ 31 ಸೆಕೆಂಡು.

ಇದು ಉದಾಹರಣೆಗಾಗಿ ಕಟ್ಟಿದ ಲೆಕ್ಕ, ನಿಜ. ಮನುಷ್ಯನ ಮೈ ಇಷ್ಟು ಸರಳ ಗಣಿತಕ್ಕೆ ಪೂರ್ತಿ ಸಿಗುವುದಿಲ್ಲ. ಆದರೆ ಬೋರ್ ಮತ್ತು ತೊಟ್ಟಿಯ ಪ್ರಮಾಣ ಆಳಿನಿಂದ ಆಳಿಗೆ ಬದಲಾಗುತ್ತದೆ ಎಂಬುದು ಕಟ್ಟುಕಥೆಯಲ್ಲ, ಯಾವ ಮೈದಾನದಲ್ಲಾದರೂ ಕಣ್ಣಿಗೆ ಕಾಣುವ ಸಂಗತಿ. ಎಲ್ಲರಿಗೂ ಒಂದೇ "ಇಷ್ಟು ಸೆಕೆಂಡು ಕೂಡಿಸು" ಎಂಬ ಸೂತ್ರ ಕೊಡುವವರು ಈ ವ್ಯತ್ಯಾಸವನ್ನೇ ಅಳಿಸಿಹಾಕುತ್ತಾರೆ. ಯಾರಿಗೆ ಎಚ್ಚರಿಕೆ ಬೇಕಾಗಿತ್ತೋ ಅವನಿಗೇ ಅದು ಸುಳ್ಳು ಧೈರ್ಯ ಕೊಡುತ್ತದೆ.

ದೊಡ್ಡವರ ಲೋಕದಲ್ಲಿ ಈ ನಂಬಿಕೆಗೆ ಒಂದು ಪ್ರಸಿದ್ಧ ರೂಪವಿದೆ. 'ರನ್ನರ್ಸ್ ವರ್ಲ್ಡ್' ಎಂಬ ಅಮೆರಿಕದ ಪತ್ರಿಕೆಯಲ್ಲಿದ್ದ ಬಾರ್ಟ್ ಯಾಸೊ ತನ್ನ ಮ್ಯಾರಥಾನ್ ತಯಾರಿಯಲ್ಲಿ ಹತ್ತು ಸಲ 800 ಮೀಟರ್ ಓಡುತ್ತಿದ್ದ. 800 ಮೀಟರಿಗೆ ಎಷ್ಟು ನಿಮಿಷ-ಸೆಕೆಂಡು ಆಗುತ್ತದೋ ಮ್ಯಾರಥಾನಿಗೆ ಅಷ್ಟು ಗಂಟೆ-ನಿಮಿಷ ಆಗುತ್ತದೆ ಎಂಬುದು ಅವನು ಕಂಡುಕೊಂಡ ಸಂಬಂಧ. 800 ಮೀಟರ್ ನಾಲ್ಕು ನಿಮಿಷಕ್ಕೆ ಬಂದರೆ ಮ್ಯಾರಥಾನ್ ನಾಲ್ಕು ಗಂಟೆ. ಮೂರೂವರೆ ನಿಮಿಷವಾದರೆ ಮೂರೂವರೆ ಗಂಟೆ. 1968ರ ಬೋಸ್ಟನ್ ಮ್ಯಾರಥಾನ್ ಗೆದ್ದಿದ್ದ, ಅದೇ ಪತ್ರಿಕೆಯ ಸಂಪಾದಕ ಆಂಬಿ ಬರ್ಫುಟ್ ಇದಕ್ಕೆ 'ಯಾಸೊ 800' ಎಂದು ಹೆಸರಿಟ್ಟು 1994ರಲ್ಲಿ ಬರೆದರು. ಅಲ್ಲಿಂದ ಅದು ಜಗತ್ತನ್ನೆಲ್ಲ ಸುತ್ತಿತು. ಮುಂಬೈ, ಬೆಂಗಳೂರಿನ ಓಟಗಾರರ ಬಾಯಲ್ಲೂ ಅದು ಇವತ್ತು ನಲಿದಾಡುತ್ತಿದೆ.

ಅದರ ಆಕರ್ಷಣೆಯ ಗುಟ್ಟೇ ಅದರ ದೌರ್ಬಲ್ಯ. ನಿಮಿಷವನ್ನು ಗಂಟೆ ಮಾಡುವುದೆಂದರೆ 60ರಿಂದ ಗುಣಿಸುವುದು. ಈ 60 ಎಲ್ಲಿಂದ ಬಂತು? ಕಾಲಿನಿಂದಲ್ಲ, ಶ್ವಾಸಕೋಶದಿಂದಲ್ಲ. ಪುರಾತನ ಬ್ಯಾಬಿಲೋನಿನವರು ಅರವತ್ತರ ಎಣಿಕೆ ಬಳಸುತ್ತಿದ್ದರು, ಅದು ಗಡಿಯಾರಕ್ಕೆ ಬಂತು. ಅವರು ನೂರರ ಎಣಿಕೆ ಹಿಡಿದಿದ್ದರೆ ಯಾಸೊ ಸೂತ್ರ ಹುಟ್ಟುತ್ತಲೇ ಇರಲಿಲ್ಲ. ಸೂತ್ರದ ಒಳಗೆ ಅಡಗಿರುವ ಹೇಳಿಕೆಯನ್ನು ಬಿಡಿಸಿ ನೋಡಿದರೆ ಇನ್ನೂ ವಿಚಿತ್ರ. ಮ್ಯಾರಥಾನಿನ 42,195 ಮೀಟರ್ 800ರ ಸುಮಾರು 52.7 ಪಟ್ಟು, ಸಮಯ 60 ಪಟ್ಟು. ಅಂದರೆ ಭೂಮಿಯ ಮೇಲಿನ ಪ್ರತಿಯೊಬ್ಬ ಓಟಗಾರನ ಮ್ಯಾರಥಾನ್ ವೇಗವೂ ಅವನ 800 ಮೀಟರ್ ತುಂಡಿನ ವೇಗದ ಶೇ 88ರಷ್ಟೇ ಇರುತ್ತದೆ ಎಂದು ಅದು ಸಾಧಿಸುತ್ತಿದೆ. ಇಪ್ಪತ್ತೆರಡರ ಯುವಕನಿಗೂ ಐವತ್ತೈದರ ಗೃಹಿಣಿಗೂ, ವಾರಕ್ಕೆ 30 ಕಿ.ಮೀ. ಓಡುವವರಿಗೂ 130 ಕಿ.ಮೀ. ಓಡುವವರಿಗೂ ಒಂದೇ ಪ್ರಮಾಣ. ಇದನ್ನು ಹೀಗೆ ನೇರವಾಗಿ ಹೇಳಿದರೆ ಯಾರೂ ಒಪ್ಪಲಾರರು. ಗಂಟೆ-ನಿಮಿಷದ ಚಮತ್ಕಾರದಲ್ಲಿ ಸುತ್ತಿ ಕೊಟ್ಟಿದ್ದರಿಂದ ಎಲ್ಲರೂ ಒಪ್ಪಿದರು.

ನಿಲ್ಲದೆ ಓಡಿದ ನಿಜವಾದ ಸ್ಪರ್ಧೆಯ ಸಮಯವೇ ಇನ್ನೊಂದು ದೂರದ ಸಮಯವನ್ನು ಹೇಳಲು ತಡವರಿಸುವಾಗ, ತುಂಡು ಓಟದ ಮಾತೇನು? ಉಗಾಂಡಾದ ಜೋಶುವಾ ಚೆಪ್ಟೆಗೈ 2020ರಲ್ಲಿ 5000 ಮೀಟರನ್ನು 12:35.36ಕ್ಕೆ, 10,000 ಮೀಟರನ್ನು 26:11.00ಕ್ಕೆ ಓಡಿ ಎರಡರಲ್ಲೂ ವಿಶ್ವದಾಖಲೆ ಮಾಡಿದ. ಒಂದು ದೂರದ ಸಮಯದಿಂದ ಇನ್ನೊಂದನ್ನು ಅಂದಾಜಿಸಲು ಇಂಜಿನಿಯರ್ ಪೀಟರ್ ರೀಗಲ್ 1977ರಲ್ಲಿ ಕೊಟ್ಟ ಸೂತ್ರವೇ ಇಂದಿಗೂ ಹೆಚ್ಚು ಬಳಕೆಯಲ್ಲಿರುವುದು. ಅದಕ್ಕೆ ಚೆಪ್ಟೆಗೈಯ 26:11ನ್ನು ಹಾಕಿದರೆ ಮ್ಯಾರಥಾನಿಗೆ 2 ಗಂಟೆ 27 ಸೆಕೆಂಡು ಬರುತ್ತದೆ. 2023ರ ಡಿಸೆಂಬರಿನಲ್ಲಿ ವೆಲೆನ್ಸಿಯಾದಲ್ಲಿ ಅವನು ಮೊದಲ ಮ್ಯಾರಥಾನ್ ಓಡಿದ. 2:08:59, ಮೂವತ್ತೇಳನೇ ಸ್ಥಾನ. 10,000 ಮೀಟರಿನಲ್ಲಿ ಜಗತ್ತೇ ಕಾಣದಷ್ಟು ವೇಗವಾಗಿ ಓಡಿದವನಿಗೂ ಮ್ಯಾರಥಾನ್ ಬೇರೆಯದೇ ಲೆಕ್ಕ ಕೇಳಿತು.

ಸಾಮಾನ್ಯ ಓಟಗಾರರ ಕಥೆಯೂ ಬೇರೆಯಲ್ಲ. ಆಂಡ್ರ್ಯೂ ವಿಕರ್ಸ್ ಮತ್ತು ಎಮಿಲಿ ವೆರ್ಟೊಸಿಕ್ 2016ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹವ್ಯಾಸಿ ಓಟಗಾರರ ಸ್ಪರ್ಧೆಯ ಸಮಯಗಳನ್ನು ಇಟ್ಟುಕೊಂಡು ರೀಗಲ್ ಸೂತ್ರವನ್ನು ಪರೀಕ್ಷಿಸಿದರು. ಅರ್ಧ ಮ್ಯಾರಥಾನಿನವರೆಗೆ ಅದು ಚೆನ್ನಾಗಿಯೇ ಹೊಂದಿತು. ಮ್ಯಾರಥಾನಿಗೆ ಬಂದಾಗ ಅರ್ಧದಷ್ಟು ಜನರಿಗೆ ಅದು ಕನಿಷ್ಠ ಹತ್ತು ನಿಮಿಷ ವೇಗದ ಸಮಯವನ್ನು ಹೇಳಿತ್ತು. ಗಮನಿಸಬೇಕಾದ್ದು ತಪ್ಪಿನ ದಿಕ್ಕನ್ನು: ಆಸೆ ಯಾವ ಕಡೆ ವಾಲುತ್ತದೋ ತಪ್ಪೂ ಆ ಕಡೆಗೇ ವಾಲಿದೆ.

ಇಂಟರ್‌ವಲ್ ಪಕ್ಷದವರ ಬಳಿ ಒಂದು ಬ್ರಹ್ಮಾಸ್ತ್ರವಿದೆ, ಅದನ್ನು ಮುಚ್ಚಿಟ್ಟು ವಾದ ಗೆಲ್ಲುವುದು ನ್ಯಾಯವಲ್ಲ. ರೋಜರ್ ಬ್ಯಾನಿಸ್ಟರ್. ನಾಲ್ಕು ನಿಮಿಷದೊಳಗೆ ಮೈಲಿ ಓಡಿದ ಮೊದಲ ಮನುಷ್ಯ. ವೈದ್ಯಕೀಯ ವಿದ್ಯಾರ್ಥಿಯಾಗಿದ್ದ ಅವನ ತಯಾರಿಯ ತಿರುಳು ಹತ್ತು ಸಲ 440 ಗಜ, ನಡುವೆ ಎರಡು ನಿಮಿಷ ಬಿಡುವು. ತಿಂಗಳುಗಟ್ಟಲೆ ಇಳಿಸುತ್ತ ಬಂದು 61 ಸೆಕೆಂಡಿಗೆ ಅಂಟಿಕೊಂಡ. ಓಟ ಬಿಟ್ಟು ಗೆಳೆಯ ಕ್ರಿಸ್ ಬ್ರೇಷರ್ ಜೊತೆ ಸ್ಕಾಟ್ಲೆಂಡಿನಲ್ಲಿ ಬೆಟ್ಟ ಹತ್ತಲು ಹೋದ. ಬಂದ ಮೇಲೆ 59 ಸಾಧ್ಯವಾಯಿತು. 1954ರ ಮೇ 6ರಂದು ಆಕ್ಸ್‌ಫರ್ಡಿನ ಇಫ್ಲಿ ರೋಡ್ ಮೈದಾನದಲ್ಲಿ 3:59.4. ನೋಡಿ, 59ರ ರೌಂಡು ನಾಲ್ಕು ನಿಮಿಷದೊಳಗಿನ ಮೈಲಿಯನ್ನು ಹೇಳಲಿಲ್ಲವೇ ಎಂದು ಅವರು ಕೇಳುತ್ತಾರೆ.

ಹೇಳಲಿಲ್ಲ. ನಾಲ್ಕು 59 ಎಂದರೆ 3:56. ಅವನು ಓಡಿದ್ದು 3:59.4. ಹತ್ತು ರೌಂಡಿನ ಅಭ್ಯಾಸ ಮಾಡಿ, ಇಬ್ಬರು ಗೆಳೆಯರು ಸರದಿಯ ಮೇಲೆ ಮುಂದೆ ಓಡಿ ದಾರಿ ತೋರಿಸಿಯೂ ಮೂರೂ ಚಿಲ್ಲರೆ ಸೆಕೆಂಡಿನ ಅಂತರ. ನಾಲ್ಕು ನಿಮಿಷದ ಗೋಡೆಗೆ ಅವನು ಉಳಿಸಿಕೊಂಡದ್ದು 0.6 ಸೆಕೆಂಡು ಮಾತ್ರ. ಲೆಕ್ಕ ಹಾಕಿ ನೆಮ್ಮದಿಯಾಗಿ ನಿದ್ದೆ ಮಾಡುವಷ್ಟು ಅದು ದೊಡ್ಡದಲ್ಲ. ಅದಕ್ಕಿಂತ ಮುಖ್ಯವಾದದ್ದು ಬ್ಯಾನಿಸ್ಟರ್ ಸ್ವತಃ 59ರ ಮಾತನ್ನು ಪೂರ್ತಿ ನಂಬಲಿಲ್ಲ ಎಂಬುದು. ಹಿಂದಿನ ವರ್ಷವೇ ಅವನು ನಿಲ್ಲದೆ ಮೈಲಿ ಓಡಿ 4:03.6, 4:02.0 ಸಮಯಗಳನ್ನು ಕಂಡಿದ್ದ. ದಾಖಲೆಯ ಓಟಕ್ಕೆ ಕೆಲವು ದಿನ ಮುಂಚೆ ಮುಕ್ಕಾಲು ಮೈಲಿಯನ್ನು ಒಂದೇ ಬೀಸಿಗೆ ಓಡಿ, ಮೂರು ನಿಮಿಷದೊಳಗೆ ಬರುತ್ತದೆಯೇ ಎಂದು ಪರೀಕ್ಷಿಸಿಕೊಂಡ. ಬಂತು. ಅವನ ಧೈರ್ಯ ಅಲ್ಲಿಂದ ಬಂದದ್ದು.

ಮೈಲಿ ಎಂದರೆ 1609 ಮೀಟರ್. ಚಾಮರಾಜನಗರದ ಹುಡುಗ ಓಡುವುದು ಬ್ಯಾನಿಸ್ಟರ್ ಓಡಿದ ದೂರವನ್ನೇ, ಒಂಬತ್ತು ಮೀಟರ್ ಕಡಿಮೆ ಅಷ್ಟೇ. ಅವನ ಮುಕ್ಕಾಲು ಮೈಲಿ ಈ ಹುಡುಗನ 1200. ಇಂಟರ್‌ವಲ್ ಕಲಿಸುವವರೆಲ್ಲ ಬ್ಯಾನಿಸ್ಟರನ ಹತ್ತು ರೌಂಡನ್ನು ಹೇಳುತ್ತಾರೆ, ಆ ಮುಕ್ಕಾಲು ಮೈಲಿಯನ್ನು ಬಿಟ್ಟುಬಿಡುತ್ತಾರೆ.

ಇನ್ನು ಮೈದಾನಕ್ಕೆ ಮರಳೋಣ, ಏಕೆಂದರೆ ಶರೀರಶಾಸ್ತ್ರ ಪೂರ್ತಿ ಇಂಟರ್‌ವಲ್ ಪಕ್ಷದ ಕಡೆಗಿದ್ದರೂ ಉಳಿದ ಸಂಗತಿಗಳು ಅದನ್ನು ಸೋಲಿಸುತ್ತವೆ. ಅಭ್ಯಾಸದಲ್ಲಿ ಹುಡುಗ ಒಳ ಅಂಚಿಗೆ ಅಂಟಿಕೊಂಡು ಓಡುತ್ತಾನೆ. ಫಿಸಿಕಲ್‌ನಲ್ಲಿ ಒಂದು ಗುಂಪನ್ನೇ ಒಟ್ಟಿಗೆ ಬಿಡುತ್ತಾರೆ, ಒಳಗಡೆ ಜಾಗವಿಲ್ಲ. ಅಂಚಿನಿಂದ ಬರೀ ಒಂದು ಮೀಟರ್ ಹೊರಗೆ ಓಡಿದರೂ ಪ್ರತಿ ರೌಂಡಿಗೆ ಆರೂಕಾಲು ಮೀಟರ್ ಹೆಚ್ಚು. ನಾಲ್ಕು ರೌಂಡಿಗೆ 25 ಮೀಟರ್. 6:30ರ ವೇಗದಲ್ಲಿ ಅದು ಆರು ಸೆಕೆಂಡು. ಊರ ಹೊರಗಿನ ರಸ್ತೆಯಲ್ಲಿ ಮೊಬೈಲ್ ಆಪ್ ನೋಡಿ 400 ಮೀಟರ್ ಗುರುತು ಹಾಕಿಕೊಂಡವನ ಅಳತೆ ಶೇ 2ರಷ್ಟು ಕಡಿಮೆಯಿದ್ದರೆ 1600ಕ್ಕೆ 32 ಮೀಟರ್ ಮೋಸ, ಇನ್ನೂ ಎಂಟು ಸೆಕೆಂಡು. ಇವೆರಡೇ ಸೇರಿ ಹದಿನಾಲ್ಕು ಸೆಕೆಂಡು ಹೋಯಿತು. ತೊಟ್ಟಿಯ ಲೆಕ್ಕ ಇನ್ನೂ ಶುರುವಾಗಿಲ್ಲ. ಎತ್ತರ, ಎದೆ ಅಳತೆಯ ಸಾಲಿನಲ್ಲಿ ನಿಂತು ನಿಂತು ಬಿಸಿಲೇರಿದ ಮೇಲೆ ಸರದಿ ಬಂದರೆ ಅದರದ್ದು ಬೇರೆ. ನಸುಕಿನ ತಂಪಿನಲ್ಲಿ ಓಡಿದ ರೌಂಡಿಗೆ ಹತ್ತು ಗಂಟೆಯ ಬಿಸಿಲಿನ ಸುದ್ದಿ ಗೊತ್ತಿರುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ನಷ್ಟ ವೇಗದ ಅಂದಾಜು ಕೆಡುವುದು. 6:30ಕ್ಕೆ ಬೇಕಾದ ರೌಂಡು 97.5 ಸೆಕೆಂಡು. ಸೇನೆಯ ಅಗ್ನಿವೀರ್ ರ‍್ಯಾಲಿಯಲ್ಲಿ ಪೂರ್ತಿ 60 ಅಂಕಕ್ಕೆ 1.6 ಕಿ.ಮೀ.ಯನ್ನು 5:30ರೊಳಗೆ ಮುಗಿಸಬೇಕು, ಅದರ ರೌಂಡು 82.5. ಆದರೆ ನಿಂತು ನಿಂತು ಓಡುವವನಿಗೆ 97.5 ತೀರಾ ನಿಧಾನ ಎನ್ನಿಸುತ್ತದೆ; ಅವಮಾನ ಎನ್ನಿಸುತ್ತದೆ. ಅವನು 85ಕ್ಕೆ ಓಡುತ್ತಾನೆ, 80ಕ್ಕೆ ಓಡುತ್ತಾನೆ, ಗೆಳೆಯರು ಚಪ್ಪಾಳೆ ತಟ್ಟುತ್ತಾರೆ. ಹೀಗಾಗಿ ಯಾವ ವೇಗದಲ್ಲಿ ಪರೀಕ್ಷೆ ಪಾಸಾಗಬೇಕೋ ಆ ವೇಗ ಹೇಗಿರುತ್ತದೆ ಎಂಬುದೇ ಅವನ ಕಾಲಿಗೆ ಗೊತ್ತಿಲ್ಲ. ಸೀಟಿ ಊದಿದ ಕೂಡಲೇ ಗೊತ್ತಿರುವ ಒಂದೇ ವೇಗದಲ್ಲಿ ಹೊರಡುತ್ತಾನೆ. ಮೊದಲ ರೌಂಡಿಗೆ 80, ಎರಡನೆಯದಕ್ಕೆ 95. ಮೂರನೆಯದರಲ್ಲಿ ತೊಡೆ ಕಲ್ಲಾಗುತ್ತದೆ. ಸೋತ ಮೇಲೆ "ಆವತ್ತು ಮೈ ಸರಿಯಿರಲಿಲ್ಲ" ಎನ್ನುತ್ತಾನೆ. ಅವನ ಮೈ ಸರಿಯಾಗಿಯೇ ಇತ್ತು. ಅದಕ್ಕೆ ಆ ಓಟವನ್ನು ಯಾರೂ ಒಮ್ಮೆಯೂ ತೋರಿಸಿರಲಿಲ್ಲ.

ಹೆಣ್ಣುಮಕ್ಕಳ ವಿಚಾರ ಇನ್ನೂ ಬೇಸರದ್ದು. ಕರ್ನಾಟಕ ಪೊಲೀಸ್ ಪರೀಕ್ಷೆಯಲ್ಲಿ ಅವರಿಗೆ 400 ಮೀಟರ್, ಎರಡು ನಿಮಿಷ. ಅಲ್ಲಿ ತುಂಡು ಲೆಕ್ಕದ ತಪ್ಪು ಅಷ್ಟಾಗಿ ಕಾಡುವುದಿಲ್ಲ. ಆದರೆ ಅದೇ ಹುಡುಗಿ ಕೇಂದ್ರದ ಪಡೆಗಳಿಗೆ ಎಸ್‌ಎಸ್‌ಸಿ ಜಿಡಿ ಬರೆದರೆ 1.6 ಕಿ.ಮೀ.ಯನ್ನು 8:30ರಲ್ಲಿ ಮುಗಿಸಬೇಕು, ಹುಡುಗರು 5 ಕಿ.ಮೀ.ಯನ್ನು 24 ನಿಮಿಷದಲ್ಲಿ. 200 ಮೀಟರಿನ ತುಂಡು ಓಡಿ ಅಭ್ಯಾಸವಾದವಳಿಗೆ ಎಂಟು ತುಂಡು ಕೂಡಿಸಿ ಭವಿಷ್ಯ ಹೇಳಿದರೆ ಏಳು ಬಿಡುವುಗಳ ಸಾಲ ಅವಳ ತಲೆಯ ಮೇಲೆ ಬೀಳುತ್ತದೆ.

ಇಷ್ಟೆಲ್ಲ ಹೇಳಿದ್ದು ಇಂಟರ್‌ವಲ್ ಓಟವನ್ನು ಬಿಡಿ ಎನ್ನಲು ಅಲ್ಲ. ಬೋರ್ ಆಳವಾಗುವುದೇ ಅಂಥ ಕೆಲಸದಿಂದ. ವಾರಕ್ಕೊಮ್ಮೆ ರೌಂಡುಗಳನ್ನು ಓಡದ ಹುಡುಗ ಎಷ್ಟು ನಿಧಾನ ಓಟ ಓಡಿದರೂ ಸುಲಭಕ್ಕೆ ಚುರುಕಾಗುವುದಿಲ್ಲ. ಔಷಧಿಯನ್ನು ಥರ್ಮಾಮೀಟರ್ ಎಂದು ತಿಳಿದದ್ದರಲ್ಲಿ ತಪ್ಪಿದೆ, ಔಷಧಿಯಲ್ಲಿ ಅಲ್ಲ.

"ಲೆಕ್ಕ ಸುಳ್ಳಾದರೂ ಹುಡುಗರಿಗೆ ಧೈರ್ಯ ಬರುತ್ತದಲ್ಲ" ಎನ್ನುವ ತರಬೇತುದಾರರಿದ್ದಾರೆ. ಅವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಹೊಲ ಗೇಯ್ದು, ಗಾರೆ ಕೆಲಸಕ್ಕೆ ಹೋಗಿ, ಮನೆಯವರ ಒಂದು ಹಂಗಾಮಿನ ದುಡಿಮೆಯನ್ನು ಕೋಚಿಂಗಿಗೆ ಸುರಿದು ಬಂದ ಹುಡುಗನಿಗೆ ಸುಳ್ಳು ಧೈರ್ಯ ಕೊಡುವ ಹಕ್ಕು ಯಾರಿಗೂ ಇಲ್ಲ. ಎರಡು ತಿಂಗಳ ಮುಂಚೆ 6:45 ಎಂಬ ನಿಜ ಗೊತ್ತಾದರೆ ಅವನು ಹದಿನೈದು ಸೆಕೆಂಡು ಇಳಿಸಬಲ್ಲ. ಆ ವಯಸ್ಸಿನಲ್ಲಿ, ನಿಯಮಿತ ಓಟಕ್ಕೆ ಅದು ಅಸಾಧ್ಯವೇನಲ್ಲ. ಪರೀಕ್ಷೆಯ ದಿನ ಗೊತ್ತಾದರೆ ಏನು ಮಾಡಲೂ ಉಳಿದಿರುವುದಿಲ್ಲ.

"ಪದೇ ಪದೇ ಪೂರ್ತಿ 1600 ಓಡಿಸಿದರೆ ಹುಡುಗರು ಸುಸ್ತಾಗುತ್ತಾರೆ, ಗಾಯವಾಗುತ್ತದೆ" ಎಂಬುದು ಇನ್ನೊಂದು ಆಕ್ಷೇಪ. ಪ್ರತಿದಿನ ಓಡಿಸಿದರೆ ಹೌದು. ಎರಡು-ಮೂರು ವಾರಕ್ಕೊಮ್ಮೆ ಓಡುವುದಕ್ಕೆ ಈ ಆಕ್ಷೇಪ ನಿಲ್ಲುವುದಿಲ್ಲ. ನಡುವಿನ ವಾರಗಳಲ್ಲಿ ಬ್ಯಾನಿಸ್ಟರನ ದಾರಿಯಿದೆ: 1200 ಮೀಟರ್, ನಿಲ್ಲದೆ, 97.5ರ ರೌಂಡಿನಲ್ಲಿ, ಅಂದರೆ 4 ನಿಮಿಷ 52 ಸೆಕೆಂಡು. ಅಲ್ಲಿ ನಿಂತಾಗ ಇನ್ನೊಂದು ರೌಂಡು ಇದೇ ವೇಗದಲ್ಲಿ ಆಗುತ್ತಿತ್ತೇ ಎಂಬ ಪ್ರಶ್ನೆಗೆ ಅವನ ಮೈಯೇ ಉತ್ತರ ಕೊಡುತ್ತದೆ. ರೌಂಡುಗಳಿಂದಲೇ ಅಂದಾಜು ಬೇಕು ಎಂಬ ಹಟವಿದ್ದರೆ ಬಿಡುವನ್ನು ಕಡಿಮೆ ಮಾಡುತ್ತ ಬರಲಿ. ಮೂರು ನಿಮಿಷ, ಒಂದು ನಿಮಿಷ, ಮೂವತ್ತು ಸೆಕೆಂಡು, ಹತ್ತು ಸೆಕೆಂಡು. ಬಿಡುವು ಕರಗಿದಷ್ಟೂ ಅಂಕಿ ನಿಜಕ್ಕೆ ಹತ್ತಿರ ಬರುತ್ತದೆ; ಪೂರ್ತಿ ಕರಗಿದಾಗ ಉಳಿಯುವುದು 1600 ಮೀಟರ್ ಓಟವೇ.

ಇದಕ್ಕೆ ಬೇಕಾದ ಸಲಕರಣೆ ಒಂದು ಸರಿಯಾಗಿ ಅಳೆದ ಮೈದಾನ ಮತ್ತು ಒಂದು ವಾಚು. ರಸ್ತೆ ಬದಿಯಲ್ಲಿ ಅಭ್ಯಾಸ ಮಾಡುವ ಗುಂಡ್ಲುಪೇಟೆ ಕಡೆಯವರು ತಿಂಗಳಿಗೊಂದು ಭಾನುವಾರ ತೆರಕಣಾಂಬಿ ಮೇಲಿನ ಬಸ್ಸು ಹಿಡಿದು ಜಿಲ್ಲಾ ಕ್ರೀಡಾಂಗಣಕ್ಕೆ ಬರಬಹುದು. ಎರಡು ಊರಿನವರು ಸೇರಿದರೆ ಹದಿನೈದು ಇಪ್ಪತ್ತು ಜನರ ಗುಂಪಾಗುತ್ತದೆ, ಒಳ ಅಂಚಿಗೆ ನೂಕಾಟವೂ ಆಗುತ್ತದೆ, ಪರೀಕ್ಷೆಯ ದಿನದ ಹಾಗೆಯೇ. ಬೇಕೆಂದೇ ಬಿಸಿಲು ಏರುವವರೆಗೆ ಕಾಯಬೇಕು. ವಾಚು ಹಿಡಿದವನು ರೌಂಡಿಗೊಂದು ಸಲ ಸಮಯವನ್ನು ಕೂಗಿ ಹೇಳಲಿ: 97, 195, 292. ನಾಲ್ಕನೇ ರೌಂಡು ಮುಗಿಯುವವರೆಗೆ ಗುಂಡಿಯ ಮೇಲೆ ಬೆರಳಿಡುವ ಹಾಗಿಲ್ಲ.